ಎರೆ ಹೊಲದ ಉಸಿರಿಗೆ ಬಿಸಿ ಬೇಕಾ, ಹಸಿ ಬೇಕಾ?

ಸೇಡಂನಿಂದ ಕೇಳಿದ್ದು:
ನಾನು ಹೈಸ್ಕೂಲ್ ವಿಜ್ಞಾನ ಶಿಕ್ಷಕಿ. ಬಟ್ಟಲಲ್ಲಿ ಸುಣ್ಣದ ತಿಳಿನೀರು ಹಾಕಿ, ಎರೆ ಹೊಲದಲ್ಲಿಟ್ಟು, ಮೇಲೆ ಡಬ್ಬಿ ಬೋರಲು ಹಾಕಿದೆವು. ಬಿಸಿ ಏರಿದರೆ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಬರುತ್ತದೆ ಎಂದು ಓದಿದ್ದೆ. ಆ ಅನಿಲ ತಾಗಿದರೆ ಸುಣ್ಣದ ತಿಳಿನೀರು ಬೆಳ್ಳಗಾಗುತ್ತದೆ. ಆದರೆ ಏಪ್ರಿಲ್ ಬಿಸಿಲಲ್ಲಿ ನೀರು ಬೆಳ್ಳಗಾಗಲೇ ಇಲ್ಲ. ಜೂನ್‌ನ ಮೊದಲ ಮಳೆ ಬಿದ್ದ ಮೇಲೆ ಬೇಗ ಬೆಳ್ಳಗಾಯಿತು. ಯಾಕೆ ಹೀಗೆ? ಮಾಡಿ ನೋಡಿದವರು ಹೇಳಿ.

ಕಲಬುರಗಿಯಿಂದ:
ಮೇಡಂ, ನೀವು ಕಂಡದ್ದು ಸರಿಯಾಗಿಯೇ ಇದೆ. ಕೃಷಿ ಪದವಿ ಓದುವಾಗ ನಾನೂ ಇದನ್ನು ಅಳೆದಿದ್ದೇನೆ. ಮಣ್ಣಿನ ಉಸಿರು ಅಂದರೆ ಬೇರುಗಳು ಮತ್ತು ಸೂಕ್ಷ್ಮಜೀವಿಗಳು ಬಿಡುವ ಉಸಿರು. ಮಣ್ಣಲ್ಲಿ ಸಾಕಷ್ಟು ತೇವ ಇದ್ದಾಗ, 10 ಡಿಗ್ರಿ ಬಿಸಿ ಏರಿದರೆ ಅದು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. ತೇವ ಇದ್ದಾಗ ಮಾತ್ರ. ಈ ಜೀವಿಗಳು ಮಣ್ಣಿನ ಕಣಕ್ಕೆ ಅಂಟಿದ ತೆಳು ನೀರಿನ ಪೊರೆಯಲ್ಲಿ ಇರುತ್ತವೆ. ಅವುಗಳ ಆಹಾರವೂ ಆ ನೀರಲ್ಲಿ ಕರಗಿಯೇ ಬರಬೇಕು. ಪೊರೆ ಒಣಗಿತು ಅಂದರೆ ಎಷ್ಟು ಬಿಸಿ ಇದ್ದರೂ ಪ್ರಯೋಜನ ಇಲ್ಲ.

ನಮ್ಮ ಕಡೆ ತೊಡಕು ಇರುವುದು ಇಲ್ಲೇ. ಜೋರು ಬಿಸಿ, ಜೋರು ಹಸಿ ಎರಡೂ ಒಟ್ಟಿಗೆ ಬರುವುದಿಲ್ಲ. ಏಪ್ರಿಲ್, ಮೇನಲ್ಲಿ ಗಾಳಿಯೇ 40 ಡಿಗ್ರಿ ದಾಟುತ್ತದೆ, ಹೊಲ ಒಣಗಿ ಬಿರಿದಿರುತ್ತದೆ. ಆಗಸ್ಟ್ ಹೊತ್ತಿಗೆ ಹಸಿ ಇರುತ್ತದೆ, ಬಿಸಿ ಇಳಿದಿರುತ್ತದೆ. ವರ್ಷವಿಡೀ ಅಳೆದು ಬರೀ ಉಷ್ಣಾಂಶದ ಜೊತೆ ಗ್ರಾಫ್ ಹಾಕಿದರೆ, ಬಿಸಿ ಏರಿದಂತೆ ಉಸಿರು ಇಳಿಯುತ್ತದೆ ಎಂದೇ ಕಾಣಬಹುದು. ಅದನ್ನು ನಂಬಬೇಡಿ, ತೇವವನ್ನೂ ಪಕ್ಕದಲ್ಲಿ ಬರೆದಿಡಿ.

ಒಣಗಿದ ಮಣ್ಣು ನೆಂದ ಕೂಡಲೇ ಉಸಿರು ಮೇಲೇಳುವುದಕ್ಕೆ ಬರ್ಚ್ ಪರಿಣಾಮ ಎನ್ನುತ್ತಾರೆ. ಎಚ್. ಎಫ್. ಬರ್ಚ್ ಪೂರ್ವ ಆಫ್ರಿಕಾದ ಮಣ್ಣುಗಳ ಮೇಲೆ ಕೆಲಸ ಮಾಡಿ 1958ರಲ್ಲಿ ಇದನ್ನು ಬರೆದರು. ಒಣಗಿ ಸತ್ತ ಜೀವಿಗಳು, ಹೆಂಟೆಯೊಳಗೆ ಸಿಕ್ಕಿಕೊಂಡಿದ್ದ ಸಾವಯವ ಪದಾರ್ಥ, ಎಲ್ಲವೂ ಬದುಕುಳಿದವಕ್ಕೆ ಒಮ್ಮೆಗೇ ಊಟವಾಗುತ್ತವೆ. ಕೆಲವು ದಿನಗಳಲ್ಲಿ ಈ ಭರಾಟೆ ಇಳಿಯುತ್ತದೆ. ಹಾಗಾಗಿ ಮಳೆ ಆದ ಮೇಲೆ ಒಂದೇ ಸಲ ಅಳೆದು ಬಿಟ್ಟುಬಿಡಬೇಡಿ.

ಮಕ್ಕಳಿಗೆ ಕುಂಡದಲ್ಲಿ ತೋರಿಸುವುದು ಇನ್ನೂ ಸುಲಭ. ಒಂದೇ ಹೊಲದ ಮಣ್ಣು ಮೂರು ಕುಂಡಕ್ಕೆ ಹಾಕಿ: ಒಂದು ಒಣ, ಒಂದು ಬಿತ್ತನೆಗೆ ಬರುವಂಥ ಹದ, ಒಂದರಲ್ಲಿ ನೀರು ನಿಲ್ಲಿಸಿ. ಮೂರೂ ಒಂದೇ ನೆರಳಲ್ಲಿರಲಿ. ಆಮೇಲೆ ಹದದ ಎರಡು ಕುಂಡ ಮಾಡಿ, ಒಂದನ್ನು ತಂಪಲ್ಲಿ, ಒಂದನ್ನು ಬೆಚ್ಚಗಿರುವ ಜಾಗದಲ್ಲಿ ಇಡಿ. ತೂಕ ನೋಡಿ, ಆರಿದಷ್ಟು ನೀರು ಸೇರಿಸುತ್ತಿರಿ. ಬಿಸಿಯ ಪಾಲೆಷ್ಟು, ಹಸಿಯ ಪಾಲೆಷ್ಟು ಅಂತ ಆಗ ಬೇರೆಬೇರೆಯಾಗಿ ಕಾಣುತ್ತದೆ.

ಶಹಾಪುರದಿಂದ:
ಅಣ್ಣಾವರು ಹೇಳಿದ ನೀರು ನಿಂತ ಕುಂಡದಲ್ಲೂ ಕಮ್ಮಿಯೇ ಬರುತ್ತದೆ, ಮಕ್ಕಳು ಬೆರಗಾಗುತ್ತಾರೆ. ಗಾಳಿಗಿಂತ ನೀರಿನಲ್ಲಿ ಆಮ್ಲಜನಕ ಸುಮಾರು 10,000 ಪಟ್ಟು ನಿಧಾನ ಹರಡುತ್ತದೆ. ತೊಗರಿ ಹೊಲದಲ್ಲಿ ನೀರು ನಿಂತರೆ ಗಿಡ ಹಳದಿಯಾಗುತ್ತದೆ ಅಲ್ವಾ, ಬೇರಿಗೆ ಉಸಿರು ಕಟ್ಟಿರುತ್ತದೆ. ಇನ್ನು ನಮ್ಮ ಕಾಲುವೆ ಕೆಳಗಿನ ಭತ್ತದ ಗದ್ದೆಯಲ್ಲಿ ಮೀಥೇನ್ ಕೂಡ ಹುಟ್ಟುತ್ತದೆ. ಅದನ್ನು ಸುಣ್ಣದ ನೀರು ತೋರಿಸುವುದಿಲ್ಲ.

ಬೀದರ್‌ನಿಂದ:
ಟೀಚರ್, ಇನ್ನೊಂದು ಬಟ್ಟಲನ್ನು ಪ್ಲಾಸ್ಟಿಕ್ ಹಾಳೆಯ ಮೇಲಿಟ್ಟು ಅಂಥದೇ ಡಬ್ಬಿ ಮುಚ್ಚಿ. ಸುಣ್ಣದ ನೀರು ಡಬ್ಬಿಯೊಳಗಿನ ಗಾಳಿಗೂ ಸ್ವಲ್ಪ ಬೆಳ್ಳಗಾಗುತ್ತದೆ, ಅದನ್ನು ಕಳೆದು ನೋಡಬೇಕು. ಡಬ್ಬಿಯ ಅಂಚನ್ನು ಮಣ್ಣಿಗೆ ಒತ್ತಿ, ಮೇಲೆ ಬಿಳಿ ಬಟ್ಟೆ ಹೊದಿಸಿ. ಎರೆ ಹೊಲದ ಬಿರುಕಿನ ಮೇಲೆ ಇಟ್ಟರೆ ಅಳತೆ ಕೆಡುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ನೀರು ಬೇಗ ಬಸಿಯುತ್ತದೆ, ಬೇಗ ಒಣಗುತ್ತದೆ. ಎರೆಯಲ್ಲಿ ಹದಕ್ಕೆ ಬರಲು ತಡ. ಹಾಗಾಗಿ ಎರಡೂ ಮಣ್ಣನ್ನು ಒಂದೇ ದಿನ ಅಳೆದು ಹೋಲಿಸಬೇಡಿ, ಎರಡೂ ಹದದಲ್ಲಿದ್ದಾಗ ಹೋಲಿಸಿ. ಲೆಕ್ಕ ನಿಖರವಾಗಿ ಬೇಕಿದ್ದರೆ ಸುಣ್ಣದ ನೀರಿನ ಬದಲು ಕಾಸ್ಟಿಕ್ ಸೋಡಾ ದ್ರಾವಣ ಇಟ್ಟು ಟೈಟ್ರೇಷನ್ ಮಾಡಬೇಕು, ಅಂದರೆ ಆಮ್ಲ ಹನಿಹನಿ ಹಾಕಿ ಉಳಿದ ಸೋಡಾ ಎಷ್ಟೆಂದು ಅಳೆಯಬೇಕು. ಸೋಡಾ ಕೈ ಸುಡುತ್ತದೆ, ಮಕ್ಕಳ ಕೈಗೆ ಕೊಡಬೇಡಿ.