‘ಜಗಳ ಆಡಿ ದೂರವಾದರು’ ಎನ್ನಲು ಇಂಗ್ಲಿಷಿನಲ್ಲಿ ಯಾವ ಪದ?

ಪ್ರಶ್ನೆ:
ಮೇಡಂ, ನಮಸ್ಕಾರ. ತೀರಿಕೊಂಡ ನಮ್ಮ ತಂದೆಯ ಬದುಕಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೇನೆ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗಾಗಿ ಈ ಪ್ರಯತ್ನ. ಅಪ್ಪ ಮತ್ತು ಅವರ ಗೆಳೆಯರೊಬ್ಬರು 12 ವರ್ಷ ಪಾಲುದಾರರಾಗಿ ವ್ಯಾಪಾರ ಮಾಡಿದರು. ಕೊನೆಗೆ ಲೆಕ್ಕದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ‘ವಯಲೆಂಟ್ ಸೆಪರೇಶನ್’ ಎಂದು ಬರೆದಿದ್ದೆ. ಅದನ್ನು ಓದಿದ ಗೆಳತಿ ‘ಹೊಡೆದಾಡಿಕೊಂಡ್ರಾ?’ ಎಂದು ಕೇಳಿದಳು. ಇಲ್ಲ, ಯಾರೂ ಕೈ ಎತ್ತಿರಲಿಲ್ಲ. ನಿಘಂಟು ತೆಗೆದರೆ ಅಕ್ರಿಮೋನಿಯಸ್, ಬಿಟರ್, ಹಾಸ್ಟೈಲ್, ರ‍್ಯಾಂಕರಸ್ ಎಂದು ಸಾಲಾಗಿ ಬಂದವು. ಎಲ್ಲದಕ್ಕೂ ಅರ್ಥ ‘ಕಹಿಯಾದ, ದ್ವೇಷ ತುಂಬಿದ’ ಎಂದೇ ಇದೆ. ಯಾವುದನ್ನು ಹಾಕಲಿ?

ಉತ್ತರ:
ನಮಸ್ಕಾರ. ನಿಮ್ಮ ಗೆಳತಿ ಒಳ್ಳೆಯ ಓದುಗರು, ಸರಿಯಾದ ಜಾಗದಲ್ಲೇ ತಡೆದಿದ್ದಾರೆ. ವಯಲೆಂಟ್ ಎಂದ ಕೂಡಲೇ ಏಟು, ರಕ್ತ ಕಣ್ಣಿಗೆ ಬರುತ್ತದೆ. ‘ಸೆಪರೇಶನ್’ ಕೂಡ ತೊಡಕಿನದು. ಇಬ್ಬರು ಮನುಷ್ಯರ ಬಗ್ಗೆ ಹೇಳಿದಾಗ ಗಂಡ ಹೆಂಡತಿ ಬೇರೆಯಾದರು ಎಂದೇ ಓದುಗರು ಮೊದಲು ಅಂದುಕೊಳ್ಳುತ್ತಾರೆ.

ನಾನು 18 ವರ್ಷದಿಂದ ಅನುವಾದ ಮಾಡುತ್ತಿದ್ದೇನೆ. ಅದರಲ್ಲಿ ಜಾಸ್ತಿ ಪಾಲು ಕೋರ್ಟಿನ ಕಾಗದಗಳು. ಇಂಥ ಕಡೆ ನಾನು ಮೊದಲು ನೋಡುವುದು ಕಹಿ ಎಲ್ಲಿತ್ತು ಅನ್ನೋದನ್ನು. ಆಡಿದ ಮಾತಿನಲ್ಲಿತ್ತಾ, ಮನಸ್ಸಿನೊಳಗೆ ಉಳಿಯಿತಾ, ಅಥವಾ ಆಮೇಲಿನ ಮೌನದಲ್ಲಿತ್ತಾ? ನಿಘಂಟು ಇದನ್ನೆಲ್ಲ ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಬರೆಯುವವರು ಬಿಡಿಸಿಕೊಳ್ಳಬೇಕು.

ಅಕ್ರಿಮೋನಿಯಸ್ ಮಾತಿಗೆ ಸೇರಿದ್ದು. ಇದರ ಮೂಲ ಲ್ಯಾಟಿನ್ನಿನ ‘ಆಕೆರ್’, ಅಂದರೆ ಚೂಪಾದದ್ದು. ಅದೇ ಬೇರಿನಿಂದ ಬಂದ ಇನ್ನೊಂದು ಪದ ‘ಅಕ್ರಿಡ್’. ರಬ್ಬರ್ ಸುಟ್ಟಾಗ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ತರಿಸುವ ಹೊಗೆ ಇದೆಯಲ್ಲ, ಅದು ಅಕ್ರಿಡ್. ನಮ್ಮ ಮಾತಿನಲ್ಲಿ ಘಾಟು. ಹಾಗಾಗಿ ಅಕ್ರಿಮೋನಿಯಸ್ ಎಂದರೆ ನನ್ನ ತಲೆಯಲ್ಲಿ ಘಾಟು ತುಂಬಿದ ಕೋಣೆ. ಒಳಗಿದ್ದವರೆಲ್ಲ ಕೆಮ್ಮುತ್ತಿದ್ದಾರೆ, ಯಾರೂ ಹೊರಗೆ ಬರುತ್ತಿಲ್ಲ. ಮೀಟಿಂಗ್, ಚರ್ಚೆ, ಡೈವೋರ್ಸ್, ಪತ್ರಗಳು ಅಕ್ರಿಮೋನಿಯಸ್ ಆಗುತ್ತವೆ. ಒಬ್ಬ ವ್ಯಕ್ತಿಯನ್ನು ಹಾಗೆ ಕರೆಯುವುದು ಈಗ ಅಪರೂಪ. ಹೇಳುವಾಗ ಒತ್ತು ‘ಮೋ’ ಮೇಲೆ. ಆದರೆ ‘ಅಕ್ರಿಮನಿ’ ಎಂಬ ನಾಮಪದದಲ್ಲಿ ಒತ್ತು ಮೊದಲಿಗೇ ಬೀಳುತ್ತದೆ.

‘ಬಿಟರ್’ ಮಾತಿಗೂ ಸಲ್ಲುತ್ತದೆ, ಮನುಷ್ಯರಿಗೂ ಸಲ್ಲುತ್ತದೆ. ಅದಕ್ಕೇ ಎಲ್ಲರೂ ಅದನ್ನೇ ಎತ್ತಿಕೊಳ್ಳುತ್ತಾರೆ. ಆದರೆ ‘ಹಿ ವಾಸ್ ಬಿಟರ್’ ಎಂದರೆ ಆ ಮನುಷ್ಯ ಒಳಗೊಳಗೇ ನೊಂದು ಕಹಿಯಾಗಿಯೇ ಉಳಿದ ಎಂದಾಗುತ್ತದೆ. ನಿಮ್ಮ ತಂದೆ ಹಾಗೆ ಉಳಿದಿದ್ದರಾ? ಅದನ್ನು ನೀವೇ ಹೇಳಬೇಕು.

ಸದ್ಯಕ್ಕೆ ನನ್ನ ಸಲಹೆ ಇಷ್ಟು: ‘ದೇ ಫೆಲ್ ಔಟ್ ಓವರ್ ದಿ ಅಕೌಂಟ್ಸ್ ಅಂಡ್ ನೆವರ್ ಸ್ಪೋಕ್ ಅಗೇನ್.’ ‘ಫಾಲ್ ಔಟ್’ ಅಂದರೆ ಮನಸ್ತಾಪ ಬಂದು ಗೆಳೆತನ ಮುರಿಯುವುದು. ಮಕ್ಕಳಿಗೂ ಅರ್ಥವಾಗುವ ಮಾತು. ನಡೆದದ್ದಷ್ಟೇ ಅಲ್ಲಿದೆ, ತೀರ್ಪು ಇಲ್ಲ.

ಇನ್ನೊಬ್ಬರ ಪ್ರಶ್ನೆ:
ಹಾಗಾದರೆ ರ‍್ಯಾಂಕರ್ ಯಾವಾಗ ಬಳಸಬೇಕು? ನನಗೆ ಅದೂ ಅಕ್ರಿಮನಿಯೂ ಒಂದೇ ಅನ್ನಿಸುತ್ತದೆ.

ಉತ್ತರ:
ಒಂದೇ ಅಲ್ಲ ಸರ್. ‘ರ‍್ಯಾನ್ಸಿಡ್’ ಎಂಬ ಪದ ಕೇಳಿದ್ದೀರಲ್ಲ, ಕೆಟ್ಟ ಎಣ್ಣೆಗೆ ಹೇಳುತ್ತಾರೆ. ರ‍್ಯಾಂಕರ್ ಅದರ ಒಡಹುಟ್ಟು. ಎಣ್ಣೆಯನ್ನು ಮುಚ್ಚಿಟ್ಟು ಮರೆತರೆ ಕಮಟು ಹಿಡಿಯುತ್ತದೆ. ಮುಚ್ಚಳ ತೆಗೆದ ದಿನ ಗೊತ್ತಾಗುತ್ತದೆ. ಹಾಗೆ ಮನಸ್ಸಿನಲ್ಲಿ ಮುಚ್ಚಿಟ್ಟು ಕಮಟು ಹಿಡಿದ ಹಗೆ ರ‍್ಯಾಂಕರ್. ಅಕ್ರಿಮನಿ ಮೀಟಿಂಗ್ ಮುಗಿದ ಮೇಲೆ ಆರಬಹುದು. ರ‍್ಯಾಂಕರ್ ವರ್ಷಗಟ್ಟಲೆ ಇರುತ್ತದೆ. ಕೆಲಸ ಬಿಟ್ಟವರು ‘ವಿದೌಟ್ ರ‍್ಯಾಂಕರ್’ ಹೊರಟರು ಎಂದರೆ ಹೊಟ್ಟೆಯಲ್ಲಿ ಏನನ್ನೂ ಇಟ್ಟುಕೊಳ್ಳದೆ ಹೊರಟರು ಎಂದು. ನನಗೆ ಬಹಳ ಇಷ್ಟವಾದ ಪ್ರಯೋಗ ಇದು.

ಸ್ಪೆಲಿಂಗಿನಲ್ಲಿ ಹುಷಾರು. ಬ್ರಿಟಿಷ್ ಬರಹದಲ್ಲಿ ರ‍್ಯಾಂಕರ್ ಪದದ ಕೊನೆಯ ಆರ್‌ಗೆ ಮೊದಲು ಯು ಬರುತ್ತದೆ. ರ‍್ಯಾಂಕರಸ್ ಎಂದು ಬರೆಯುವಾಗ ಅಲ್ಲಿನ ಯು ಬಿದ್ದುಹೋಗುತ್ತದೆ.

ಇದಕ್ಕಿಂತ ಉಗ್ರವಾದದ್ದು ‘ವಿಟ್ರಿಯಾಲಿಕ್’. ವಿಟ್ರಿಯಾಲ್ ಎಂಬುದು ಗಂಧಕಾಮ್ಲದ ಹಳೆಯ ಹೆಸರು. ಮುಖಕ್ಕೆ ಆಸಿಡ್ ಎರಚಿದಂಥ ಮಾತಿಗೆ ಮಾತ್ರ ಇದನ್ನು ಇಟ್ಟುಕೊಳ್ಳಿ. ಸುಮ್ನೆ ಜೋರಾಗಿ ಮಾತಾಡಿದ್ದಕ್ಕೆಲ್ಲ ಹಾಕಿದರೆ ಎದುರಿನವರಿಗೆ ಅನ್ಯಾಯ.

ಮತ್ತೊಬ್ಬರ ಪ್ರಶ್ನೆ:
ಎಸ್ಟ್ರೇಂಜ್ಡ್ ಅಂದರೆ ಡೈವೋರ್ಸ್ ಆದವರಾ?

ಉತ್ತರ:
ಅಲ್ಲ. ‘ಎಸ್ಟ್ರೇಂಜ್ಡ್ ವೈಫ್’ ಎಂದರೆ ಬೇರೆ ಇದ್ದಾರೆ, ಕಾನೂನಿನ ಪ್ರಕಾರ ಮದುವೆ ಇನ್ನೂ ಮುರಿದಿಲ್ಲ. ಡೈವೋರ್ಸ್ ಆದ ಮೇಲೆ ‘ಎಕ್ಸ್’. ಇದನ್ನು ಅದಲುಬದಲು ಮಾಡಿದ ಅನುವಾದಗಳನ್ನು ನಾನು ಎಷ್ಟೋ ತಿದ್ದಿದ್ದೇನೆ. ಆಸ್ತಿ ಪ್ರಕರಣದಲ್ಲಿ ಈ ಒಂದು ಪದ ದೊಡ್ಡ ಗೊಂದಲ ಮಾಡುತ್ತದೆ.

ಗಂಡ ಹೆಂಡತಿಗೆ ಮಾತ್ರ ಮೀಸಲೂ ಅಲ್ಲ. ಅಣ್ಣ ತಮ್ಮ, ತಾಯಿ ಮಗಳು, ಗೆಳೆಯರು, ಯಾರು ಬೇಕಾದರೂ ಎಸ್ಟ್ರೇಂಜ್ಡ್ ಆಗಬಹುದು. ಹತ್ತಿರದವರು ಅಪರಿಚಿತರಂತಾಗುವುದು ಇದರ ತಿರುಳು. ಅಮೆರಿಕದ ಜಾನ್ ಆಡಮ್ಸ್ ಮತ್ತು ಥಾಮಸ್ ಜೆಫರ್ಸನ್ ಆಪ್ತರಾಗಿದ್ದವರು. ರಾಜಕೀಯ ಇಬ್ಬರನ್ನೂ ದೂರ ಮಾಡಿತು. 1800ರ ಅಧ್ಯಕ್ಷ ಚುನಾವಣೆಯಲ್ಲಿ ಎದುರಾಳಿಗಳಾದರು, ಆಡಮ್ಸ್ ಸೋತರು. ಜೆಫರ್ಸನ್ ಪ್ರಮಾಣವಚನದ ದಿನ ಆಡಮ್ಸ್ ಬೆಳಕು ಹರಿಯುವ ಮುಂಚೆಯೇ ಊರು ಬಿಟ್ಟಿದ್ದರು. ಹತ್ತು ವರ್ಷಕ್ಕೂ ಜಾಸ್ತಿ ಇಬ್ಬರ ನಡುವೆ ಪತ್ರವಿಲ್ಲ. ಆ ಕಾಲಕ್ಕೆ ಸರಿಯಾದ ಪದ ಎಸ್ಟ್ರೇಂಜ್ಡ್. ಆದರೆ 1812ರ ಹೊಸ ವರ್ಷದ ದಿನ ಆಡಮ್ಸ್ ಮತ್ತೆ ಪತ್ರ ಬರೆದರು, ಗೆಳೆತನ ಚಿಗುರಿತು. ಇಬ್ಬರೂ ತೀರಿಕೊಂಡದ್ದು ಒಂದೇ ದಿನ, 1826ರ ಜುಲೈ 4ರಂದು. ಅವರ ಬಗ್ಗೆ ‘ಫ್ಯೂಡ್’ ಎಂದು ಬರೆದರೆ ನನಗೆ ಒಪ್ಪಿಗೆಯಾಗುವುದಿಲ್ಲ.

ಫ್ಯೂಡ್ ಎಂದರೆ ಜಿದ್ದು, ಇಬ್ಬರನ್ನೂ ದಾಟಿ ಸುತ್ತಲಿನವರಿಗೂ ಹಬ್ಬುವ ಹಗೆತನ. ಅದಕ್ಕೆ ಜರ್ಮನಿಯ ಡಾಸ್ಲರ್ ಸಹೋದರರು ಸರಿಯಾದ ಉದಾಹರಣೆ. ಒಟ್ಟಿಗೆ ಶೂ ಮಾಡುತ್ತಿದ್ದವರು 1948ರಲ್ಲಿ ಬೇರೆಯಾದರು. ಅಡಾಲ್ಫ್ ಕಟ್ಟಿದ್ದು ಅಡಿಡಾಸ್, ರುಡಾಲ್ಫ್ ಕಟ್ಟಿದ್ದು ಪ್ಯೂಮಾ. ಹೆರ್ಜೋಗೆನೌರಾಖ್ ಎಂಬ ಆ ಪುಟ್ಟ ಊರೇ ಎರಡು ಪಾಲಾಯಿತು. ಅಣ್ಣ ತಮ್ಮಂದಿರ ಸಮಾಧಿಗಳೂ ಒಂದೇ ಸ್ಮಶಾನದ ಎರಡು ತುದಿಯಲ್ಲಿವೆ.

ಮತ್ತೊಬ್ಬರ ಪ್ರಶ್ನೆ:
‘ಹಾಸ್ಟೈಲ್ ಡೈವೋರ್ಸ್’ ಎನ್ನಬಹುದಾ? ಜಗಳವಿಲ್ಲದೆ ಬೇರೆಯಾದರೆ ಏನು ಹೇಳುವುದು?

ಉತ್ತರ:
ಹೇಳಿದರೆ ತಪ್ಪೇನಿಲ್ಲ. ಆದರೂ ‘ಬಿಟರ್’ ಅಥವಾ ‘ಅಕ್ರಿಮೋನಿಯಸ್’ ಕಿವಿಗೆ ಸಹಜ. ಹಾಸ್ಟೈಲ್ ಬೇರೆ ಕಡೆ ಪಾರಿಭಾಷಿಕ ಪದವಾಗಿ ಗಟ್ಟಿಯಾಗಿದೆ. ‘ಹಾಸ್ಟೈಲ್ ವಿಟ್ನೆಸ್’ ಎಂದರೆ ಕರೆಸಿದವರಿಗೇ ತಿರುಗಿಬಿದ್ದ ಸಾಕ್ಷಿ. ‘ಹಾಸ್ಟೈಲ್ ಟೇಕೋವರ್’ ಎಂದರೆ ಕಂಪನಿಯ ಆಡಳಿತ ಮಂಡಳಿ ಒಪ್ಪದಿದ್ದರೂ ಬೇರೆಯವರು ಅದನ್ನು ವಶಕ್ಕೆ ತೆಗೆದುಕೊಳ್ಳುವುದು. ಇವೆರಡರಲ್ಲೂ ಯಾರೂ ಕಿರುಚಾಡಿರಬೇಕೆಂದಿಲ್ಲ.

ಜಗಳವಿಲ್ಲದ್ದು ‘ಅಮಿಕಬಲ್’. ಇದನ್ನು ‘ಏಮಿಯಬಲ್’ ಜೊತೆ ಕಲಸಬೇಡಿ. ಒಪ್ಪಂದ, ಬೇರ್ಪಡಿಕೆ ಅಮಿಕಬಲ್. ನಗುಮುಖದ ಮನುಷ್ಯ ಏಮಿಯಬಲ್. ಯಾರ ಮೇಲೂ ತಪ್ಪು ಹೊರಿಸದ ಇನ್ನೊಂದು ಮಾತು ‘ಇರ್‌ರೆಕನ್ಸೈಲಬಲ್ ಡಿಫರೆನ್ಸಸ್’, ಹೊಂದಿಸಲಾಗದ ಭಿನ್ನಾಭಿಪ್ರಾಯ. ಕ್ಯಾಲಿಫೋರ್ನಿಯಾದಲ್ಲಿ 1970ರಿಂದ ಡೈವೋರ್ಸಿಗೆ ಇದೇ ಒಂದು ಕಾರಣವಾಗಿ ಸಾಕು, ಯಾರದು ತಪ್ಪು ಎಂದು ರುಜುವಾತು ಮಾಡಬೇಕಿಲ್ಲ. ಇಂಥ ಪದ ಕಾನೂನಿಗೆ ಬಂದದ್ದು ಎಷ್ಟೋ ಜನರ ಮಾನ ಉಳಿಸಿದೆ ಎಂದು ನಾನು ನಂಬುತ್ತೇನೆ.

ಸಣ್ಣ ಜಗಳಕ್ಕೆ ‘ಟಿಫ್’, ‘ಸ್ಪ್ಯಾಟ್’. ಜೋರಾದರೆ ‘ರೌ’. ಸಾಲು ಎಂಬ ಪದಕ್ಕೂ ಇದೇ ಸ್ಪೆಲಿಂಗ್, ಆಗ ಉಚ್ಚಾರ ‘ರೋ’. ‘ಕತ್ತಿ ಮಸೆಯುತ್ತಿದ್ದಾರೆ’ ಎನ್ನಲು ‘ಅಟ್ ಡ್ಯಾಗರ್ಸ್ ಡ್ರಾನ್’ ಇದೆ, ಬಹುಪಾಲು ನಮ್ಮ ಮಾತಿನದೇ ಚಿತ್ರ.

ಮೊದಲು ಕೇಳಿದವರು:
ಮೇಡಂ, ತುಂಬಾ ಧನ್ಯವಾದ. ಎಲ್ಲ ಓದಿದ ಮೇಲೆ ಒಂದು ಹೇಳಬೇಕು ಅನ್ನಿಸಿತು. ಅಪ್ಪ ಆ ಗೆಳೆಯರ ಬಗ್ಗೆ ಮನೆಯಲ್ಲಿ ಒಂದು ಕೆಟ್ಟ ಮಾತೂ ಆಡಲಿಲ್ಲ. ಅವರ ಕೈಬರಹದಲ್ಲಿದ್ದ ಹಳೆಯ ಲೆಕ್ಕದ ಪುಸ್ತಕ ಕೊನೆಯವರೆಗೂ ಅಪ್ಪನ ಬೀರುವಿನಲ್ಲೇ ಇತ್ತು. ನಾವು ಎಸೆಯಲು ಹೋದಾಗ ‘ಅದು ಇರಲಿ ಬಿಡು’ ಅಂದಿದ್ದರು. ಈಗಲೂ ‘ಬಿಟರ್’ ಸರಿಯಾ?

ಉತ್ತರ:
ಬೇಡ. ‘ಬಿಟರ್’ ತೆಗೆದುಬಿಡಿ, ರ‍್ಯಾಂಕರ್ ಅಂತೂ ಹತ್ತಿರಕ್ಕೂ ಬರಬಾರದು. ‘ದೇ ಫೆಲ್ ಔಟ್’ ಇರಲಿ. ಅದರ ಮುಂದೆ ‘ದೇ ರಿಮೇನ್ಡ್ ಎಸ್ಟ್ರೇಂಜ್ಡ್’ ಎಂದು ಬರೆಯಿರಿ. ಅದರ ಕೆಳಗೆ ಲೆಕ್ಕದ ಪುಸ್ತಕದ ವಿಷಯ, ಈಗ ಇಲ್ಲಿ ಹೇಳಿದ ಹಾಗೆಯೇ. ‘ಅದು ಇರಲಿ ಬಿಡು’ ಎಂಬ ಮಾತನ್ನು ಕನ್ನಡದಲ್ಲೇ ಬಿಡಿ. ಮೊಮ್ಮಕ್ಕಳು ಅರ್ಥ ಕೇಳಿದರೆ ನೀವೇ ಬಾಯಲ್ಲಿ ಹೇಳಿ.