ಸಹಾಯ ಬೇಕು: ಜೊಂಡು ಕವಿದ ಕೆರೆಯ ನೀರನ್ನು ಉಪಗ್ರಹ ಚಿತ್ರದಲ್ಲಿ ಗುರುತಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ನಮ್ಮೂರಿನ ಕೆರೆಯಲ್ಲಿ ಯಾವ ತಿಂಗಳು ನೀರು ಎಷ್ಟು ಹರಡಿರುತ್ತದೆ ಎಂಬುದನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಲೆಕ್ಕ ಹಾಕಿ ಗ್ರಾಮಸಭೆಯ ಮುಂದಿಡಬೇಕೆಂದಿದ್ದೇನೆ. ಸೆಂಟಿನೆಲ್-2 ಉಪಗ್ರಹದ ಚಿತ್ರಗಳನ್ನು ಬಳಸುತ್ತಿದ್ದೇನೆ. ಅದರ ಹಸಿರು ಮತ್ತು ಸಮೀಪದ ಅವಕೆಂಪು (ಕಣ್ಣಿಗೆ ಕಾಣದ) ಬೆಳಕಿನ ಪಟ್ಟಿಗಳಲ್ಲಿ ಒಂದು ಪಿಕ್ಸೆಲ್ ಎಂದರೆ 10 ಮೀಟರ್ ಚೌಕ, ಹೆಚ್ಚುಕಡಿಮೆ ಒಂದು ಗುಂಟೆ. ರೈತರಿಗೆ ವಿವರಿಸಲು ಇದಕ್ಕಿಂತ ಅನುಕೂಲದ ಅಳತೆ ಬೇರೊಂದಿಲ್ಲ!

ತೊಡಕಿರುವುದು ಜೊಂಡಿನಲ್ಲಿ. ಈ ಎರಡು ಪಟ್ಟಿಗಳಿಂದ ಜಲಸೂಚ್ಯಂಕ (ನೀರನ್ನು ನೆಲದಿಂದ ಬೇರ್ಪಡಿಸಿ ತೋರಿಸುವ ಸಂಖ್ಯೆ) ತೆಗೆದರೆ ತೆರೆದ ನೀರು ಸ್ಪಷ್ಟವಾಗಿ ಬೇರ್ಪಡುತ್ತದೆ. ಆದರೆ ಜೊಂಡು, ಅಂತರಗಂಗೆ ಕವಿದ ಕಡೆ ಎಲೆಗಳು ಅವಕೆಂಪು ಬೆಳಕನ್ನು ಬಲವಾಗಿ ಪ್ರತಿಫಲಿಸುವುದರಿಂದ, ಕೆಳಗೆ ನೀರಿದ್ದರೂ ಅದು ಹೊಲದಂತೆಯೇ ಕಾಣುತ್ತದೆ. ಹೀಗಾದರೆ ಕೆರೆ ಇರುವುದಕ್ಕಿಂತ ಚಿಕ್ಕದೆಂದು ದಾಖಲಾಗುತ್ತದೆ. ಒತ್ತುವರಿಯ ಮಾತು ಬಂದಾಗ ಅಂಥ ನಕ್ಷೆ ಊರಿಗೇ ಕೇಡು. ಸೆಂಟಿನೆಲ್-1 ಉಪಗ್ರಹದ ರೇಡಾರ್ ಮೋಡದ ಮೂಲಕವೂ ನೋಡಬಲ್ಲದು, ಮಳೆಗಾಲಕ್ಕೆ ಅದು ಬೇಕೇ ಬೇಕು. ತೇಲುವ ಕಳೆಯನ್ನು ಹೊಲದಿಂದ ಬೇರ್ಪಡಿಸಲು ಅದನ್ನು ಯಾರಾದರೂ ಬಳಸಿದ್ದೀರಾ?

ಇನ್ನೊಂದು ಪ್ರಶ್ನೆ. 78 ಡಿಗ್ರಿ ರೇಖಾಂಶ ನಮ್ಮ ಜಿಲ್ಲೆಯ ಮೂಲಕವೇ ಹಾದುಹೋಗುತ್ತದೆ. ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ಮೀಟರಿನಲ್ಲಿ ಅಳೆಯುವ ಯುಟಿಎಂ ಪದ್ಧತಿಯಲ್ಲಿ ಅದರ ಪಶ್ಚಿಮಕ್ಕೆ ವಲಯ 43, ಪೂರ್ವಕ್ಕೆ 44. ಕೆರೆ ಈ ಗೆರೆಯ ಎರಡೂ ಬದಿಗೆ ಚಾಚಿಕೊಂಡಿದೆ. ವಿಸ್ತೀರ್ಣಕ್ಕೆ ಯಾವುದಾದರೂ ಒಂದೇ ವಲಯವನ್ನು ಹಿಡಿದರೆ ಸಾಕೇ?

ಹಳೆಯ ಸರ್ವೆ ನಕ್ಷೆಯನ್ನು ಇದರ ಮೇಲೆ ಕೂರಿಸಲು ಬಾಂದು ಕಲ್ಲುಗಳ ಸ್ಥಾನವನ್ನು ಮೊಬೈಲ್ ಜಿಪಿಎಸ್‌ನಿಂದ ಗುರುತಿಸುತ್ತಿದ್ದೇನೆ. ಬಯಲಿನಲ್ಲೂ ಕೆಲವು ಮೀಟರ್ ವ್ಯತ್ಯಾಸ ಇದ್ದೇ ಇರುತ್ತದೆ. ಇದಕ್ಕಿಂತ ನಿಖರವಾದ ಉಪಕರಣವನ್ನು ಒಂದು ದಿನದ ಮಟ್ಟಿಗೆ ಕೊಡಬಲ್ಲವರು ಸುತ್ತಮುತ್ತ ಇದ್ದರೆ ದಯವಿಟ್ಟು ತಿಳಿಸಿ.