ಫಾರ್ವರ್ಡ್ ಆಗುವ ಮೇಲ್‌ಗೆ ನಮ್ಮ ಸರ್ವರ್ ಕೈ ಹಾಕಬೇಕಾ, ಬೇಡ್ವಾ?

ತುಂಗಾತೀರ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಲೇಜಿನ ಹಳೇ ವಿದ್ಯಾರ್ಥಿಗಳ ಸಂಘದ ಮೇಲ್ ಸರ್ವರ್ ನೋಡಿಕೊಳ್ಳುವುದು ನಾನೇ. ಒಂದು ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್), ಅದರಲ್ಲಿ ಡೆಬಿಯನ್ ಲಿನಕ್ಸ್, ಮೇಲ್ ಸಾಗಿಸಲು ಪೋಸ್ಟ್‌ಫಿಕ್ಸ್. ಖಜಾಂಚಿ, ಕಾರ್ಯದರ್ಶಿ ಅಂತ ವಿಳಾಸಗಳಿವೆ. ಅವಕ್ಕೆ ಬಂದದ್ದು ಆಯಾ ವರ್ಷದ ಪದಾಧಿಕಾರಿಯ ಜಿಮೇಲ್‌ಗೆ ಹೋಗುತ್ತದೆ. ಸಮಿತಿ ವಿಳಾಸಕ್ಕೆ ಬಂದದ್ದು 11 ಜನಕ್ಕೆ, ಸದಸ್ಯರ ವಿಳಾಸಕ್ಕೆ ಬಂದದ್ದು 430 ಜನಕ್ಕೆ. ಎಲ್ಲವನ್ನೂ ಒಂದೇ ವರ್ಚುವಲ್ ಅಲಿಯಾಸ್ ಫೈಲಿನಲ್ಲಿ (ಯಾವ ವಿಳಾಸದ್ದು ಯಾರಿಗೆ ಅನ್ನುವ ಪಟ್ಟಿ) ಬರೆದಿಟ್ಟಿದ್ದೇನೆ. ಅಧ್ಯಕ್ಷರು ಕೇಳಿದರು ಅಂತ ಸಬ್ಜೆಕ್ಟ್ ಮುಂದೆ ಸಂಘದ ಹೆಸರು, ಮೇಲ್ ಕೊನೆಗೆ ನೋಂದಣಿ ಸಂಖ್ಯೆಯ ಎರಡು ಸಾಲು ಸೇರುವ ಹಾಗೂ ಮಾಡಿದೆ.

ಹೋದ ತಿಂಗಳು ಖಜಾಂಚಿಗೆ ಬ್ಯಾಂಕಿನ ಮೇಲ್ ಬರಲಿಲ್ಲ. ಠೇವಣಿ ನವೀಕರಿಸುವ ಕಡೇ ದಿನ ದಾಟಿಹೋಯಿತು. ಲಾಗ್ ತೆಗೆದು ನೋಡಿದರೆ ಜಿಮೇಲ್ 550 5.7.26 ಅನ್ನುವ ತಪ್ಪಿನ ಸಂಕೇತ ಕೊಟ್ಟು ತಿರುಗಿಸಿ ಕಳಿಸಿದೆ. ಅದೇ ಬ್ಯಾಂಕಿನ ಮೇಲ್ ಅವರ ಸ್ವಂತ ವಿಳಾಸಕ್ಕೆ ನೇರ ಬಂದರೆ ಏನೂ ತಕರಾರಿಲ್ಲ. ಜನ ನಂಬಿ ಕೊಟ್ಟ ಕೆಲಸ ಇದು, ತುಂಬಾ ಬೇಜಾರಾಗಿದೆ. ಎಲ್ಲಿ ಎಡವಿದ್ದೇನೆ ಹೇಳಿ.

ಹಳೇಸರ್ವರ್:
ಆ ಎರಡು ಸಾಲು ಖಜಾಂಚಿಗೆ ಹೋಗುವ ಮೇಲ್‌ಗೂ ಸೇರುತ್ತಾ?

ತುಂಗಾತೀರ:
ಹೌದು ಸರ್. ಮೇಲ್‌ಗೆ ಸಾಲು ಸೇರಿಸುವ ಆಲ್ಟರ್‌ಮೈಮ್ ಅನ್ನು ಕಂಟೆಂಟ್ ಫಿಲ್ಟರ್ ಆಗಿ ಹಾಕಿದ್ದೇನೆ. ಒಳಗೆ ಬಂದದ್ದೆಲ್ಲ ಅದರ ಮೂಲಕವೇ ಹೋಗುತ್ತದೆ.

ಹಳೇಸರ್ವರ್:
ಹಾಗಾದರೆ ಅಲ್ಲೇ ಇದೆ. ಮೇಲ್‌ನಲ್ಲಿ ಲಕೋಟೆ ಬೇರೆ, ಒಳಗಿನ ಕಾಗದ ಬೇರೆ. ಎಸ್‌ಪಿಎಫ್ ನೋಡುವುದು ಲಕೋಟೆಯನ್ನು. ಅದರ ಮೇಲಿರುವ ಡೊಮೇನಿನ ಮೇಲ್ ಈ ಐಪಿಯಿಂದ ಬರಬಹುದಾ ಅನ್ನುವುದಷ್ಟೇ ಅದರ ಪ್ರಶ್ನೆ. ಬ್ಯಾಂಕಿನ ಲಕೋಟೆ ನಿಮ್ಮ ಐಪಿಯಿಂದ ಹೊರಟಿತು, ಹಾಗಾಗಿ ಎಸ್‌ಪಿಎಫ್ ಫೇಲ್. ಡಿಕೆಐಎಂ ಅನ್ನುವುದು ಕಾಗದದ ಮೇಲಿನ ಸಹಿ. ಸಬ್ಜೆಕ್ಟ್, ಫ್ರಮ್ (ಯಾರಿಂದ) ಸಾಲುಗಳ ಜೊತೆಗೆ ಬಾಡಿಯ ಹ್ಯಾಶ್ (ಒಳಗಿನ ಬರಹದಿಂದ ಲೆಕ್ಕ ಹಾಕಿದ ಗುರುತು) ಕೂಡ ಆ ಸಹಿಯೊಳಗೆ ಇರುತ್ತದೆ. ನೀವು ಎರಡು ಸಾಲು ಸೇರಿಸಿದ ಕ್ಷಣ ಹ್ಯಾಶ್ ಬದಲಾಯಿತು, ಸಹಿ ಕೆಟ್ಟಿತು. ಫ್ರಮ್ ಸಾಲಿನ ಡೊಮೇನ್ ನಿಜವೇ ಅಂತ ನೋಡುವ ಡಿಮಾರ್ಕ್‌ಗೆ ಈ ಎರಡರಲ್ಲಿ ಒಂದು ಪಾಸಾದರೆ ಸಾಕಿತ್ತು. ನೀವು ಎರಡನ್ನೂ ಕಳೆದುಕೊಂಡಿರಿ. ಬ್ಯಾಂಕಿನ ಡೊಮೇನ್ 'ರಿಜೆಕ್ಟ್' (ಫೇಲಾದರೆ ತಿರಸ್ಕರಿಸಿ) ನೀತಿ ಹಾಕಿಕೊಂಡಿದೆ, ಜಿಮೇಲ್ ಅದನ್ನು ಪಾಲಿಸಿದೆ. ಅವರಿಬ್ಬರದ್ದೂ ತಪ್ಪಿಲ್ಲ.

ಬೆಳಗಾವಿಯವಳು:
ಇದಕ್ಕೆ ಎಸ್‌ಆರ್‌ಎಸ್ (ಲಕೋಟೆಯ ವಿಳಾಸ ತಿದ್ದುವ ಪದ್ಧತಿ) ಇದೆಯಲ್ಲ. ಪೋಸ್ಟ್‌ಫಿಕ್ಸ್‌ಗೆ ಅದನ್ನು ಜೋಡಿಸುವ ಪೋಸ್ಟ್‌ಎಸ್‌ಆರ್‌ಎಸ್‌ಡಿ ಇನ್‌ಸ್ಟಾಲ್ ಮಾಡಿ, ಲಕೋಟೆಯ ಮೇಲಿನ ವಿಳಾಸವನ್ನು ನಿಮ್ಮ ಡೊಮೇನಿಗೆ ಬದಲಾಯಿಸಿ. ಎಸ್‌ಪಿಎಫ್ ಪಾಸ್ ಆಗುತ್ತದೆ. ಅಧ್ಯಕ್ಷರ ಎರಡು ಸಾಲು ತೆಗೆಯುವುದೇ ಬೇಡ.

ಹಳೇಸರ್ವರ್:
ಅದು ಸಾಲುವುದಿಲ್ಲ ಮೇಡಂ. ಎಸ್‌ಆರ್‌ಎಸ್ ಆದ ಮೇಲೆ ಎಸ್‌ಪಿಎಫ್ ಪಾಸಾಗುವುದು ನಮ್ಮ ಡೊಮೇನಿಗೆ. ಫ್ರಮ್ ಸಾಲಿನಲ್ಲಿ ಇನ್ನೂ ಬ್ಯಾಂಕಿನ ಹೆಸರೇ ಇದೆ. ಎರಡೂ ಹೊಂದದಿದ್ದರೆ ಡಿಮಾರ್ಕ್ ಆ ಪಾಸನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಫಾರ್ವರ್ಡ್ ಆದ ಮೇಲ್‌ಗೆ ಡಿಮಾರ್ಕ್‌ನಲ್ಲಿ ಉಳಿಯುವ ದಾರಿ ಒಂದೇ, ಮೂಲ ಡಿಕೆಐಎಂ ಸಹಿ. ಎಸ್‌ಆರ್‌ಎಸ್ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಕಾಗದ ಮುಟ್ಟಬೇಡಿ.

ಒಂದು ಹಳೇ ವಿಷಯ ನೆನಪಾಯಿತು. ಇಮೇಲ್ ಸಾಗಿಸುವ ನಿಯಮ ಬರೆದ 1982ರ ಆರ್‌ಎಫ್‌ಸಿ 821ರಲ್ಲಿ ಮೇಲ್ ದಾಟಿಸುವ ಪ್ರತಿ ಯಂತ್ರವೂ ವಾಪಸ್ ದಾರಿಯಲ್ಲಿ ತನ್ನ ಹೆಸರು ಸೇರಿಸುತ್ತಿತ್ತು. ಆಮೇಲೆ ಆ ಪದ್ಧತಿಯನ್ನು ಕೈಬಿಟ್ಟರು. ಎಸ್‌ಆರ್‌ಎಸ್ ಮಾಡುವುದು ಹೆಚ್ಚುಕಡಿಮೆ ಅದನ್ನೇ. ಹಳೇ ವಿಳಾಸವನ್ನು ಒಂದು ಹ್ಯಾಶ್, ಒಂದು ದಿನಾಂಕದ ಗುರುತಿನ ಜೊತೆ ಹೊಸ ವಿಳಾಸದೊಳಗೆ ಮಡಚಿಡುತ್ತದೆ. ಬೌನ್ಸ್ (ಮೇಲ್ ತಲುಪಲಿಲ್ಲ ಅನ್ನುವ ಸೂಚನೆ) ಬಂದರೆ ಬಿಚ್ಚಿ ಮೂಲಕ್ಕೆ ಕಳಿಸುತ್ತದೆ. ಹ್ಯಾಶ್ ಇರುವುದರಿಂದ ಬೇರೆಯವರು ಸುಳ್ಳು ವಿಳಾಸ ಕಟ್ಟಿ ನಮ್ಮ ಸರ್ವರ್ ಮೂಲಕ ತೂರಿಸಲು ಆಗುವುದಿಲ್ಲ.

ಕಡಲಮಳೆ:
ಒಂದು ಮಾತು ಹೇಳಲೇಬೇಕು. 'ಕಾಗದ ಮುಟ್ಟಬೇಡಿ' ಅನ್ನುವುದು ಖಜಾಂಚಿಯ ಮೇಲ್‌ಗೆ ಸರಿ. 430 ಜನರ ಲಿಸ್ಟಿಗೂ ಅದನ್ನೇ ಹೇಳಿದರೆ ನಾನು ಒಪ್ಪುವುದಿಲ್ಲ. ನಮ್ಮ ಊರಿನ ಸಂಘದ ಲಿಸ್ಟನ್ನು ಹಲವು ವರ್ಷದಿಂದ ಮೇಲ್‌ಮ್ಯಾನ್ ಅನ್ನುವ ಲಿಸ್ಟ್ ತಂತ್ರಾಂಶದಲ್ಲಿ ನಡೆಸುತ್ತಿದ್ದೇನೆ. ಸದಸ್ಯರಲ್ಲಿ ಅರ್ಧ ಜನ 60 ದಾಟಿದವರು. ಸಬ್ಜೆಕ್ಟ್ ಮುಂದೆ ಸಂಘದ ಹೆಸರು ಕಂಡರೆ ತೆರೆಯುತ್ತಾರೆ, ಇಲ್ಲದಿದ್ದರೆ ಯಾರದೋ ಅಂತ ಬಿಡುತ್ತಾರೆ. ಲಿಸ್ಟಿನಿಂದ ಹೊರಗೆ ಹೋಗುವುದು ಹೇಗೆ ಅನ್ನುವ ಸಾಲು ಕೊನೆಯಲ್ಲಿ ಇರದಿದ್ದರೆ ಸೀದಾ ಸ್ಪ್ಯಾಮ್ ಬಟನ್ ಒತ್ತುತ್ತಾರೆ. ಆಗ ಹಾಳಾಗುವುದು ನಮ್ಮ ಡೊಮೇನಿನ ಹೆಸರೇ.

ಹಾಗಾಗಿ ಸಬ್ಜೆಕ್ಟ್ ಮುಂದಿನ ಟ್ಯಾಗೂ ಇರಲಿ, ಕೊನೆಯ ಸಾಲೂ ಇರಲಿ. ಅದರ ಬದಲಿಗೆ ಫ್ರಮ್ ಸಾಲನ್ನು ಲಿಸ್ಟಿನ ವಿಳಾಸಕ್ಕೆ ಬದಲಾಯಿಸಿ, ಬರೆದವರ ವಿಳಾಸವನ್ನು ರಿಪ್ಲೈ-ಟುಗೆ (ಉತ್ತರ ಹೋಗುವ ವಿಳಾಸದ ಸಾಲು) ಹಾಕಿ, ನಮ್ಮದೇ ಡಿಕೆಐಎಂ ಸಹಿ ಹಾಕಿ ಕಳಿಸಿ. ತಿದ್ದಿದ್ದು ನಾವು, ಹೊಣೆಯೂ ನಮ್ಮದು.

ಹಳೇಸರ್ವರ್:
ಬರೆದವರ ಹೆಸರಿನ ಜಾಗದಲ್ಲಿ ಲಿಸ್ಟಿನ ವಿಳಾಸ ಕೂರಿಸುವುದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಕಾಗದ ಬರೆದವರು ಯಾರು ಅನ್ನುವುದು ಓದುವವರ ಹಕ್ಕು. ಲಿನಕ್ಸ್ ಕರ್ನಲ್ ಬರೆಯುವವರ ಲಿಸ್ಟ್ ನೋಡಿ. ಟ್ಯಾಗೂ ಇಲ್ಲ, ಕೊನೆಯ ಸಾಲೂ ಇಲ್ಲ. ಮೇಲ್ ಬಂದ ಹಾಗೇ ಹೋಗುತ್ತದೆ, ಮೂಲ ಸಹಿ ಹಾಗೇ ಉಳಿಯುತ್ತದೆ. ವಿಂಗಡಿಸಿಕೊಳ್ಳಲು ಲಿಸ್ಟ್-ಐಡಿ ಹೆಡರ್ (ಮೇಲ್‌ನ ತಲೆಸಾಲು) 2001ರಿಂದ ಇದೆ. ಹೊರಗೆ ಹೋಗಲು ಲಿಸ್ಟ್-ಅನ್‌ಸಬ್‌ಸ್ಕ್ರೈಬ್ 1998ರಿಂದ ಇದೆ.

ಕಡಲಮಳೆ:
ಕರ್ನಲ್ ಬರೆಯುವವರು ಫಿಲ್ಟರ್ ಹಾಕಿಕೊಳ್ಳುತ್ತಾರೆ ಸರ್. ನಮ್ಮ ನಿವೃತ್ತ ಮೇಷ್ಟ್ರುಗಳಿಗೆ ಲಿಸ್ಟ್-ಐಡಿ ಅಂದರೆ ಏನು ಅಂತ ನಾನು ಫೋನಿನಲ್ಲಿ ಹೇಗೆ ಹೇಳಲಿ? 2014ರ ಏಪ್ರಿಲ್ ನಿಮಗೂ ನೆನಪಿರಬೇಕು. ಯಾಹೂ ದಿಢೀರ್ ಅಂತ ತನ್ನ ಡೊಮೇನಿಗೆ ರಿಜೆಕ್ಟ್ ನೀತಿ ಹಾಕಿತು, ಅದೇ ತಿಂಗಳು ಎಒಎಲ್ ಕೂಡ. ಯಾಹೂ ವಿಳಾಸದಿಂದ ಒಬ್ಬರು ಲಿಸ್ಟಿಗೆ ಬರೆದರೆ ಉಳಿದವರ ಮೇಲ್ ಬೌನ್ಸ್ ಆಗುತ್ತಿತ್ತು. ಆ ಬೌನ್ಸ್‌ಗಳನ್ನು ಎಣಿಸಿಕೊಂಡು ಮೇಲ್‌ಮ್ಯಾನ್ ಪಾಪ ಏನೂ ಮಾಡದ ಸದಸ್ಯರ ಸದಸ್ಯತ್ವವನ್ನೇ ನಿಲ್ಲಿಸುತ್ತಿತ್ತು. ಫ್ರಮ್ ಬದಲಾಯಿಸುವ ಆಯ್ಕೆ ಎಲ್ಲ ಕಡೆ ಬಳಕೆಗೆ ಬಂದದ್ದು ಆ ಪೆಟ್ಟಿನಿಂದ. ಈ ನಿಯಮಗಳನ್ನೆಲ್ಲ ಬರೆಯುವ ಐಇಟಿಎಫ್ ಕೂಡ ತನ್ನ ಲಿಸ್ಟುಗಳಲ್ಲಿ ಕಟ್ಟುನಿಟ್ಟಿನ ಡೊಮೇನುಗಳ ಫ್ರಮ್ ಅನ್ನು ಬದಲಾಯಿಸಿಯೇ ಕಳಿಸುತ್ತದೆ.

ಬೆಳಗಾವಿಯವಳು:
ಹಾಗಾದರೆ ರಿಜೆಕ್ಟ್ ಇರುವ ಡೊಮೇನುಗಳಿಗೆ ಮಾತ್ರ ಬದಲಾಯಿಸಿದರೆ ಸಾಕಲ್ವಾ? ಮೇಲ್‌ಮ್ಯಾನ್‌ನಲ್ಲಿ ಆ ಆಯ್ಕೆ ಇದೆ. ಜಿಮೇಲ್.ಕಾಮ್‌ನ ನೀತಿ 'ನನ್' (ಏನೂ ಮಾಡಬೇಡಿ) ಅಂತ ತಾನೇ ಇರುವುದು?

ಕಡಲಮಳೆ:
ನಾನೂ ಹಾಗೇ ಇಟ್ಟಿದ್ದೆ. 2024ರ ಫೆಬ್ರವರಿಯಿಂದ ಗೂಗಲ್ ನಿಯಮ ಬಿಗಿ ಮಾಡಿತು. ಜಿಮೇಲ್ ವಿಳಾಸವನ್ನು ಫ್ರಮ್‌ನಲ್ಲಿಟ್ಟು ಬೇರೆ ಸರ್ವರಿನಿಂದ ಕಳಿಸಬೇಡಿ ಅಂತ ಸ್ಪಷ್ಟವಾಗಿ ಹೇಳಿದೆ. ನಮ್ಮ ಸದಸ್ಯರಲ್ಲಿ ಮುಕ್ಕಾಲು ಪಾಲು ಜಿಮೇಲ್. ಅದಕ್ಕೇ ಈಗ ಎಲ್ಲರಿಗೂ ಬದಲಾಯಿಸುತ್ತೇನೆ. ನೋಡುವವರಿಗೂ ಒಂದೇ ರೀತಿ ಕಾಣುತ್ತದೆ.

ಆದರೆ ಒಂದು ಎಚ್ಚರಿಕೆ, ಇದು ನನ್ನ ಲಿಸ್ಟಿನಲ್ಲೇ ಆದದ್ದು. ಫ್ರಮ್ ಬದಲಾಯಿಸಿದ್ದಲ್ಲದೆ ಉತ್ತರವೂ ಲಿಸ್ಟಿಗೇ ಹೋಗುವ ಹಾಗೆ ಇಟ್ಟಿದ್ದೆ. ಒಬ್ಬರು ಗೆಳೆಯನಿಗೆ ಮಾತ್ರ ಅಂದುಕೊಂಡು ಮನೆಯ ಕಷ್ಟ ಬರೆದರು, ಅದು ಲಿಸ್ಟಿನಲ್ಲಿದ್ದ ಎಲ್ಲರಿಗೂ ಹೋಯಿತು. ಅವತ್ತು ರಾತ್ರಿ ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಉತ್ತರ ಬರೆದವರಿಗೇ ಹೋಗಲಿ, ದಯವಿಟ್ಟು.

ಹಳೇಸರ್ವರ್:
ಈ ಉದಾಹರಣೆಗೆ ನನ್ನಲ್ಲಿ ಎದುರು ಮಾತಿಲ್ಲ. ಸರಿ, ಒಂದಿಷ್ಟು ಒಪ್ಪುತ್ತೇನೆ. ಲಿಸ್ಟು ಮೇಲ್ ತಿದ್ದುವುದೇ ಆದರೆ ತನ್ನ ಹೆಸರಿನಲ್ಲೇ ಕಳಿಸಬೇಕು. ಬ್ಯಾಂಕಿನ ಹೆಸರಿನಲ್ಲಿ, ಸದಸ್ಯರ ಹೆಸರಿನಲ್ಲಿ ತಿದ್ದಿದ ಕಾಗದ ಕಳಿಸುವುದು ಮಾತ್ರ ಯಾವತ್ತೂ ಬೇಡ.

ಡಬ್ಲಿನ್‌ನಿಂದ:
ನನ್ನ ಅಭಿಪ್ರಾಯ ಬೇರೆ. ಖಜಾಂಚಿ ವಿಳಾಸವನ್ನು ಫಾರ್ವರ್ಡ್ ಮಾಡುವುದೇ ತಪ್ಪು. ಸರ್ವರಿನಲ್ಲೇ ಮೇಲ್ ಇಟ್ಟು ಓದಲು ಕೊಡುವ ಡವ್‌ಕಾಟ್ ಹಾಕಿ, ಆ ಹುದ್ದೆಗೇ ಒಂದು ಅಂಚೆಪೆಟ್ಟಿಗೆ ಕೊಡಿ. ಫೋನಿನ ಮೇಲ್ ಆ್ಯಪಿನಲ್ಲಿ ಎರಡನೇ ಅಕೌಂಟ್ ಸೇರಿಸಿದರೆ ಮುಗಿಯಿತು. ಹೊಸ ಖಜಾಂಚಿ ಬಂದಾಗ ಪಾಸ್‌ವರ್ಡ್ ಬದಲಾಯಿಸಿ ಕೊಡುತ್ತೀರಿ, ಹಳೇ ಮೇಲ್‌ಗಳೂ ಜೊತೆಗೇ ಸಿಗುತ್ತವೆ. ಫಾರ್ವರ್ಡ್ ಮಾಡಿದರೆ ಸಂಘದ ಲೆಕ್ಕಪತ್ರ ಹಳೇ ಖಜಾಂಚಿಯ ಸ್ವಂತ ಜಿಮೇಲಿನಲ್ಲೇ ಉಳಿದುಬಿಡುತ್ತದೆ. ಅದನ್ನು ಯಾರೂ ಯೋಚಿಸುವುದಿಲ್ಲ.

ತುಂಗಾತೀರ:
ನೀವು ಹೇಳಿದ್ದು ಮನಸ್ಸಿಗೆ ತಾಗಿತು ಸರ್. ಆದರೆ ನಮ್ಮ ಖಜಾಂಚಿಯವರು ಎರಡನೇ ಪೆಟ್ಟಿಗೆ ತೆರೆದು ನೋಡುವವರಲ್ಲ. ಸದ್ಯಕ್ಕೆ ಒಂದು ಪ್ರತಿ ಸರ್ವರಿನಲ್ಲಿ ಉಳಿಯುವ ಹಾಗೆ, ಒಂದು ಪ್ರತಿ ಜಿಮೇಲ್‌ಗೆ ಹೋಗುವ ಹಾಗೆ ಮಾಡುತ್ತೇನೆ.

ಈಗ ಹೊಸ ತೊಂದರೆ. ಪೋಸ್ಟ್‌ಎಸ್‌ಆರ್‌ಎಸ್‌ಡಿ ಹಾಕಿದೆ, ಎರಡು ಸಾಲಿನ ಫಿಲ್ಟರ್, ಸಬ್ಜೆಕ್ಟ್ ಟ್ಯಾಗ್ ಎರಡನ್ನೂ ತೆಗೆದೆ. ಪರೀಕ್ಷೆಗೆ ಕಳಿಸಿದ ಮೇಲ್‌ನ ಫ್ರಮ್ ಸಾಲಿನಲ್ಲೇ ಎಸ್‌ಆರ್‌ಎಸ್0 ಅಂತ ಉದ್ದದ ವಿಳಾಸ ಕಾಣುತ್ತಿದೆ! ಡಿಕೆಐಎಂ ಮತ್ತೆ ಫೇಲ್.

ಬೆಳಗಾವಿಯವಳು:
ಇದು ನನಗೂ ಆಗಿತ್ತು. ಪೋಸ್ಟ್‌ಫಿಕ್ಸ್‌ನ ಸೆಟಿಂಗ್ ಫೈಲ್ ಮೇನ್.ಸಿಎಫ್‌ನಲ್ಲಿ ಸೆಂಡರ್ ಕ್ಯಾನೋನಿಕಲ್ ಮ್ಯಾಪ್ಸ್ ಮಾತ್ರ ಬರೆದಿರುತ್ತೀರಿ. ಸೆಂಡರ್ ಕ್ಯಾನೋನಿಕಲ್ ಕ್ಲಾಸಸ್ ಅನ್ನುವುದನ್ನು 'ಎನ್‌ವಲಪ್ ಸೆಂಡರ್' ಒಂದಕ್ಕೇ ಇಳಿಸಬೇಕು. ಬಿಟ್ಟರೆ ಪೋಸ್ಟ್‌ಫಿಕ್ಸ್ ಲಕೋಟೆ, ಹೆಡರ್ ಎರಡನ್ನೂ ಬದಲಾಯಿಸುತ್ತದೆ. ಇನ್ನೊಂದು, ಹಳೇ ಲೇಖನಗಳಲ್ಲಿ 10001, 10002 ಪೋರ್ಟ್ ಅಂತ ಇರುತ್ತದೆ. ಪೋಸ್ಟ್‌ಎಸ್‌ಆರ್‌ಎಸ್‌ಡಿ 2ರಲ್ಲಿ ಅದು ಸಾಕೆಟ್‌ಮ್ಯಾಪ್ ಅನ್ನುವ ಬೇರೆ ಜೋಡಣೆ ಆಗಿದೆ. ನಿಮ್ಮ ಆವೃತ್ತಿ ನೋಡಿಕೊಂಡು ಬರೆಯಿರಿ.

ಕಡಲಮಳೆ:
ಸಮಿತಿಯ 11 ಜನಕ್ಕೆ ಮೇಲ್‌ಮ್ಯಾನ್ ಬೇಕಿಲ್ಲ. ಅದನ್ನು ವರ್ಚುವಲ್ ಫೈಲಿನಿಂದ ತೆಗೆದು ಈಟಿಸಿ ಕೆಳಗಿನ ಅಲಿಯಾಸಸ್ ಫೈಲಿಗೆ ಹಾಕಿ. ಪಕ್ಕದಲ್ಲೇ 'ಓನರ್-ಸಮಿತಿ' ಅಂತ ಇನ್ನೊಂದು ಅಲಿಯಾಸ್ ಬರೆದು ನಿಮ್ಮ ವಿಳಾಸ ಕೊಡಿ, ಆಮೇಲೆ ನ್ಯೂಅಲಿಯಾಸಸ್ ಓಡಿಸಿ. ಯಾರದ್ದಾದರೂ ಪೆಟ್ಟಿಗೆ ತುಂಬಿ ಬೌನ್ಸ್ ಆದರೆ ನಿಮಗೆ ಬರುತ್ತದೆ. ಇಲ್ಲದಿದ್ದರೆ ಅದು ಮೇಲ್ ಬರೆದವರಿಗೆ ಹೋಗುತ್ತದೆ, ಅವರು ಗಾಬರಿಯಾಗುತ್ತಾರೆ. ಹೊರಗೆ ಕಳಿಸುವ ಮೊದಲು ಆರ್‌ಸ್ಪ್ಯಾಮ್‌ಡಿಯಲ್ಲಿ ಸ್ಪ್ಯಾಮ್ ಸೋಸುವುದನ್ನೂ ಮರೆಯಬೇಡಿ. ಬಂದ ಸ್ಪ್ಯಾಮನ್ನೆಲ್ಲ ದಾಟಿಸಿದರೆ ಜಿಮೇಲ್ ಕಣ್ಣಿಗೆ ಕಳಿಸಿದವರು ನೀವೇ.

ತುಂಗಾತೀರ:
ಧನ್ಯವಾದ. ಕೊನೆಯ ಪ್ರಶ್ನೆ. ಸಂಘದ ಕಚೇರಿ ಜಾಗ ಬದಲಾಗಿದೆ. ಕೆಲವರು ಇನ್ನೂ ಹಳೇ ವಿಳಾಸ ಹಾಕಿಯೇ ಸೂಚನೆ ಕಳಿಸುತ್ತಾರೆ. ಪೋಸ್ಟ್‌ಫಿಕ್ಸ್ ಮೇಲ್‌ನ ಒಳಸಾಲುಗಳನ್ನು ನೋಡುವ ಬಾಡಿ ಚೆಕ್ಸ್‌ನಲ್ಲಿ ಹಳೆಯದನ್ನು ಹುಡುಕಿ ಹೊಸದು ಹಾಕುವ ಹಾಗೆ ಬರೆದೆ. ಇಂಗ್ಲಿಷ್ ಮೇಲ್‌ಗಳಲ್ಲಿ ಕೆಲಸ ಮಾಡುತ್ತದೆ, ಕನ್ನಡದಲ್ಲಿ ಮಾಡುವುದಿಲ್ಲ. ಫಾಂಟ್ ಸಮಸ್ಯೆಯಾ?

ಡಬ್ಲಿನ್‌ನಿಂದ:
ಫಾಂಟಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡ ಮೇಲ್ ಸಾಮಾನ್ಯವಾಗಿ ಬೇಸ್64 (ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತ) ರೂಪದಲ್ಲಿ ಪ್ರಯಾಣ ಮಾಡುತ್ತದೆ. ಬಾಡಿ ಚೆಕ್ಸ್ ಅದನ್ನು ಬಿಚ್ಚುವುದಿಲ್ಲ, ಕಂಡ ಸಾಲನ್ನು ಹಾಗೇ ಒಂದೊಂದಾಗಿ ನೋಡುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ನಮ್ಮ ಪ್ರತಿ ಅಕ್ಷರ, ಪ್ರತಿ ಒತ್ತಿನ ಗುರುತು 3 ಬೈಟ್. 3 ಬೈಟ್ ಸೇರಿ ಬೇಸ್64ರಲ್ಲಿ 4 ಅಕ್ಷರ. 'ಕನ್ನಡ' ಅನ್ನುವ ಪದ 15 ಬೈಟ್, ಅಂದರೆ 20 ಅಕ್ಷರ. ಸಾಲಿನ ಮೊದಲಲ್ಲೇ ಇದ್ದರೆ ಪ್ರತಿ ನಾಲ್ಕರ ಗುಂಪೂ ಅಂಕಿ 4, ದೊಡ್ಡ ಎಲ್, ಆಮೇಲೆ ಕೆ ಅಥವಾ ಓ ಅಂತ ಶುರುವಾಗುತ್ತದೆ. ಒಮ್ಮೆ ಕಚ್ಚಾ ಮೇಲ್ ತೆಗೆದು ನೋಡಿ, ಕಣ್ಣಿಗೆ ಹೊಡೆಯುತ್ತದೆ. ಆದರೆ ಪದದ ಮುಂದೆ ಒಂದು ಖಾಲಿ ಜಾಗ ಬಂದರೆ ಸಾಕು, ಗುಂಪು ಒಂದು ಬೈಟ್ ಸರಿಯುತ್ತದೆ. ಅದೇ ಪದ ಪೂರ್ತಿ ಬೇರೆ ಥರ ಕಾಣುತ್ತದೆ. ಸಬ್ಜೆಕ್ಟಿನಲ್ಲೂ ಇದೇ ಕಥೆ. ಅಲ್ಲಿ ಒಂದು ತುಂಡಿಗೆ 75 ಅಕ್ಷರದ ಮಿತಿ ಇರುವುದರಿಂದ ಸುಮಾರು 15 ಕನ್ನಡ ಗುರುತಿಗೊಮ್ಮೆ ತುಂಡಾಗುತ್ತದೆ. ತಿದ್ದಲೇಬೇಕು ಅಂದರೆ ಮೇಲ್ ಅನ್ನು ಸರಿಯಾಗಿ ಬಿಚ್ಚಿ, ತಿದ್ದಿ, ಮತ್ತೆ ಕಟ್ಟುವ ಮಿಲ್ಟರ್ (ಮೇಲ್ ಫಿಲ್ಟರ್ ಪ್ರೋಗ್ರಾಂ) ಬೇಕು.

ಹಳೇಸರ್ವರ್:
ಆಗುತ್ತೆ ಅಂತ ಮಾಡಬೇಡಿ. ಒಬ್ಬರು ಬರೆದ ವಾಕ್ಯವನ್ನು ಅವರಿಗೆ ಹೇಳದೆ ಸರ್ವರ್ ತಿದ್ದುವುದು ತಪ್ಪು. ಕೊನೆಗೆ ಎರಡು ಸಾಲು ಸೇರಿಸುವುದು ಬೇರೆ, ಬರೆದವರ ಮಾತಿನ ಒಳಗೆ ಕೈ ಹಾಕುವುದು ಬೇರೆ. ಮೇಲ್‌ಮ್ಯಾನ್‌ನಲ್ಲಿ ಮಾಡರೇಶನ್ ಇಡಿ. ಹಳೇ ವಿಳಾಸ ಕಂಡರೆ ತಡೆದು, 'ವಿಳಾಸ ಬದಲಾಗಿದೆ, ಸರಿ ಮಾಡಿ ಕಳಿಸುತ್ತೀರಾ' ಅಂತ ಅವರಿಗೇ ಬರೆಯಿರಿ.

ಕಡಲಮಳೆ:
ಇದರಲ್ಲಿ ನನ್ನದೂ ಅದೇ ಮಾತು.

ತುಂಗಾತೀರ:
ಬಾಡಿ ಚೆಕ್ಸ್ ತೆಗೆದಿದ್ದೇನೆ. ಕ್ಲಾಸಸ್ ಸಾಲು ಸೇರಿಸಿ ರೀಲೋಡ್ ಮಾಡಿದೆ. ಇವತ್ತು ಬೆಳಿಗ್ಗೆ ಬ್ಯಾಂಕಿನಿಂದ ಒಂದು ಸ್ಟೇಟ್‌ಮೆಂಟ್ ಬಂತು. ಖಜಾಂಚಿಯವರ ಪಕ್ಕ ಕೂತು ಜಿಮೇಲಿನ 'ಶೋ ಒರಿಜಿನಲ್' ತೆರೆದು ನೋಡಿದೆ. ಎಸ್‌ಪಿಎಫ್ ಪಾಸ್, ನಮ್ಮ ಡೊಮೇನಿಗೆ. ಡಿಕೆಐಎಂ ಪಾಸ್, ಬ್ಯಾಂಕಿನ ಡೊಮೇನಿಗೆ. ಡಿಮಾರ್ಕ್ ಪಾಸ್. ನೋಂದಣಿ ಸಂಖ್ಯೆ ಇನ್ನು ಮುಂದೆ ಸದಸ್ಯರ ಲಿಸ್ಟಿನಲ್ಲಿ ಮಾತ್ರ ಅಂತ ಅಧ್ಯಕ್ಷರಿಗೆ ಹೇಳಿದೆ, ಒಪ್ಪಿದರು. ಭಾನುವಾರ ಮೇಲ್‌ಮ್ಯಾನ್ 3 ಹಾಕುತ್ತೇನೆ. ಮೊದಲು 20 ಜನರನ್ನು ಸೇರಿಸಿ ಒಂದು ವಾರ ಲಾಗ್ ನೋಡಿ, ಆಮೇಲೆ ಉಳಿದ 410.

ಕಡಲಮಳೆ:
ಆ 20ರಲ್ಲಿ ಯಾಹೂ ವಿಳಾಸದವರು ಇಬ್ಬರಾದರೂ ಇರಲಿ. ಮತ್ತೆ, ಜಿಮೇಲ್‌ನಿಂದ ಲಿಸ್ಟಿಗೆ ಬರೆದವರಿಗೆ ತಾವು ಕಳಿಸಿದ್ದೇ ಇನ್‌ಬಾಕ್ಸಿಗೆ ವಾಪಸ್ ಬರುವುದಿಲ್ಲ. ಮೆಸೇಜ್-ಐಡಿ (ಪ್ರತಿ ಮೇಲ್‌ನ ಗುರುತು) ಒಂದೇ ಅಂತ ಜಿಮೇಲ್ ಎರಡನೇ ಪ್ರತಿ ತೋರಿಸುವುದಿಲ್ಲ. 'ನನ್ನ ಮೇಲ್ ಹೋಗಿಲ್ಲ' ಅಂತ ಫೋನ್ ಬರುತ್ತದೆ, ಅವರಿಗೆ ಮೊದಲೇ ಹೇಳಿಡಿ.